ಕೊಕ್ಕೊಕ್ಕೋ ಕನಕಮ್ಮನ ಅಳು

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠವಿತ್ತು. ಮಠ ಅನ್ನುವುದು ಊರವರು ಕೊಟ್ಟ ಮರ್ಯಾದೆ. ನೋಡಿದರೆ ಒಂದು ಕಲ್ಲಿನ ಕಟ್ಟೆ, ಒಂದು ಬೇವಿನ ಮರ, ತಗಡು ಹೊದಿಸಿದ ಒಂದು ಕೋಣೆ.

ಅಲ್ಲಿ ಗದಿಗೆಯ್ಯ ಮಾಸ್ತರು ಇದ್ದರು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಎಳೆಯರಿಗೆ ಪಾರ್ಟು ಕಲಿಸಿದವರು. ಕಂಪನಿ ಮುಳುಗಿದ ಮೇಲೆ ಇಲ್ಲಿ ಬಂದು ಕೂತರು. ಕಾವಿ ಉಡಲಿಲ್ಲ, ಉಪದೇಶ ಮಾಡಲಿಲ್ಲ. ಆದರೂ ಮನಸ್ಸು ಕೆಟ್ಟವರು ಅಲ್ಲಿಗೆ ಬರುತ್ತಿದ್ದರು. ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಕಟ್ಟೆಯ ಮುಂದೆ ಕಾರು ನಿಂತಿತು. ಇಳಿದವಳು ವಯಸ್ಸಾದ ಹೆಂಗಸು. ಮುಖದ ಮೇಲೆ ಸೆರಗು ಎಳೆದುಕೊಂಡಿದ್ದಳು. ಬಿಸಿಲಿಗೆ ಅಲ್ಲ, ಜನಕ್ಕೆ ಹೆದರಿ.

ಮಾಸ್ತರು ಶೇಂಗಾ ಸುಲಿಯುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ಬಂದವರ ನೆರಳಷ್ಟೇ ಅವರಿಗೆ ಗೊತ್ತಾಗುತ್ತಿತ್ತು.

“ಯಾರದು?”

“ನಮಸ್ಕಾರ ಗುರುಗಳೇ. ನಾನು ವನಜಾಕ್ಷಿ.”

“ಯಾವ ವನಜಾಕ್ಷಿ?”

ನಾಡಿಗೆಲ್ಲ ಗೊತ್ತಿದ್ದ ಹೆಸರು ಅದು. ಅದರ ಹಿಂದೆ ಮುಂದೆ ಏನನ್ನೂ ಸೇರಿಸಿ ಹೇಳುವ ಅಭ್ಯಾಸ ಅವಳಿಗೆ ಇರಲಿಲ್ಲ.

“ಸಿನಿಮಾದ ವನಜಾಕ್ಷಿ.”

“ನಾ ಸಿನಿಮಾ ನೋಡೂದಿಲ್ಲವಾ. ಕಣ್ಣು ಇದ್ದಾಗನೂ ನೋಡಿದಾಂವ ಅಲ್ಲ.”

ಅವಳು ಮುಖದ ಮೇಲಿನ ಸೆರಗು ಸರಿಸಿದಳು. ಆಮೇಲೆ ಬಾಗಿ ಅವರ ಪಾದ ಮುಟ್ಟಿ, ಎಷ್ಟೋ ವರ್ಷ ಬಾಯಿಂದ ಆಚೆ ಬಾರದ ಹೆಸರನ್ನು ಹೇಳಿದಳು.

“ಫಕೀರವ್ವರೀ, ಮಾಸ್ತರ.”

“ಹಾಂ. ಹಂಗ ಹೇಳು. ಕೂಡ್ರು.”

ಮಾಸ್ತರಿಗೆ ಗೊತ್ತಾದ ಹೆಸರಿನಿಂದಲೇ ನಾವೂ ಅವಳನ್ನು ಕರೆಯೋಣ. ವನಜಾಕ್ಷಿಯನ್ನು ಕರೆಯುವವರು ಬೇಕಾದಷ್ಟು ಜನ ಇದ್ದಾರೆ.

ಮಾಸ್ತರು ಶೇಂಗಾದ ರಾಶಿಯಲ್ಲಿ ಅರ್ಧವನ್ನು ಅವಳ ಮುಂದೆ ತಳ್ಳಿದರು.

“ಸುಲಿ. ಕೈಯಾಗ ಕೆಲಸಿಲ್ಲದ ಮಾತಾಡಿದ್ರ ಬರೇ ಸುಳ್ಳು ಬರ್ತಾವ.”

ಅವಳು ಸುಲಿಯತೊಡಗಿದಳು. ಬಣ್ಣ ಹಚ್ಚಿದ ಉಗುರು, ಸಿಪ್ಪೆ ಒಡೆಯಲು ಬರಲಿಲ್ಲ. ಹಲ್ಲಿನಿಂದ ಒಡೆದಳು.

“ಏನು ಬೇಕಾಗಿತ್ತು?” ಅಂದರು ಮಾಸ್ತರು.

“ನನಗ ಬ್ಯಾರೆ ಅಳು ಕಲಸ್ರಿ.”

“ನಾ ಕೊಟ್ಟಿದ್ದು ಏನಾತು?”

“ಅದು ಕೆಟ್ಟು ಹೋತ್ರಿ.”

“ಕೆಡಾಕ ಅಳು ಏನು ಹಾಲೇನು?”

ಫಕೀರವ್ವ ನಗಲಿಲ್ಲ.

“ನೀಲಿ ಸತ್ಳ್ರಿ, ಮಾಸ್ತರ.”

ಮಾಸ್ತರ ಕೈ ನಿಂತಿತು. ನೀಲವ್ವ ಅಂದರೆ ಫಕೀರವ್ವನ ತಂಗಿ. ತಾಯಿ ಇಲ್ಲದ ಅಕ್ಕತಂಗಿಯರಿಬ್ಬರೂ ಕಂಪನಿಯ ಬಿಡಾರದಲ್ಲೇ ಬೆಳೆದವರು. ಒಂದೇ ತಾಟಿನಲ್ಲಿ ಉಂಡಿದ್ದರು, ಮಾಸ್ತರ ಒಂದೇ ಬೆತ್ತದಿಂದ ಪೆಟ್ಟು ತಿಂದಿದ್ದರು. ಅಕ್ಕ ಸಿನಿಮಾಕ್ಕೆ ಹೋದಾಗ ತಂಗಿ ಅಡುಗೆ ಮಾಡಿಕೊಂಡು ಇರುತ್ತೇನೆಂದು ಹಿಂದೆಯೇ ಹೋದಳು. ಇಬ್ಬರಿಗೂ ಸಂಸಾರ ಅಂತ ಒಂದು ಹತ್ತಲಿಲ್ಲ. ಅವಳಿಗೆ ಇವಳು, ಇವಳಿಗೆ ಅವಳು.

“ಯಾವಾಗ?”

“ಹೋದ ತಿಂಗಳ.”

“ಅತ್ತ್ಯೇನು?”

“ಅಳಾಕ ಹೋದೆ. ಮಂದಿ ನಕ್ರು.”

ಮಾಸ್ತರು ಮತ್ತೆ ಸುಲಿಯತೊಡಗಿದರು. “ಹೇಳು,” ಅಂದರು.

ಅವಳು ಹೇಳಿದಳು.

ಆ ಅಳು ಮಾಸ್ತರೇ ಕಲಿಸಿದ್ದು. ಕಂಪನಿಯಲ್ಲಿ ಅಂಬಿಗರ ತಾಯಿಯ ಒಂದು ನಾಟಕವಿತ್ತು. ಮಗ ಹೊಳೆಯಲ್ಲಿ ಮುಳುಗಿ ಸಾಯುತ್ತಾನೆ, ಹೆಣ ತಂದು ಮಲಗಿಸುತ್ತಾರೆ. ತಾಯಿ ಅಳಬೇಕು. ಫಕೀರವ್ವ ಆಗ ಇನ್ನೂ ಎಳೆಯ ಹುಡುಗಿ, ಮಾಡಬೇಕಾದದ್ದು ತಾಯಿಯ ಪಾರ್ಟು.

ಮೊದಲು ಕೈ ಅಳಬೇಕು, ಆಮೇಲೆ ಬಾಯಿ ಅಂತ ಮಾಸ್ತರು ಹೇಳಿಕೊಟ್ಟರು. ತಾಯಿ ಬಂದವಳೇ ಅಳುವುದಿಲ್ಲ. ಮಗನ ಅಂಗಿ ಎತ್ತಿಕೊಳ್ಳುತ್ತಾಳೆ, ಕೊಡವುತ್ತಾಳೆ. ಹೆಗಲಿನ ಕಡೆ ಹಿಡಿದು ಅಳತೆ ನೋಡುತ್ತಾಳೆ. ಮಡಚುತ್ತಾಳೆ. ಮಡಚಿದ್ದನ್ನು ಎಲ್ಲಿಡಬೇಕು ಅಂತ ತಿಳಿಯದೆ ನಿಲ್ಲುತ್ತಾಳೆ. ಆಗ ಅಳು ಬರುತ್ತದೆ.

ಊರೂರಲ್ಲಿ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಅತ್ತರು. ಮುಂದೆ ಅದೇ ಕಥೆ ಸಿನಿಮಾ ಆಯಿತು, ಫಕೀರವ್ವ ವನಜಾಕ್ಷಿ ಆದಳು. ಆಮೇಲೆ ಯಾವ ಸಿನಿಮಾದಲ್ಲಿ ಯಾರು ಸತ್ತರೂ ಅಳಲು ಅವಳೇ ಬೇಕಾಯಿತು. ಬೇರೆ ಅಳು ಅವಳಿಗೆ ಗೊತ್ತಿರಲಿಲ್ಲ, ಬೇರೆಯದನ್ನು ಯಾರೂ ಕೇಳಲೂ ಇಲ್ಲ.

ವಯಸ್ಸಾಯಿತು. ಅಳುವ ತಾಯಂದಿರ ಕಾಲ ಮುಗಿಯಿತು. ಕೊನೆಗೆ ಒಂದು ಸಿನಿಮಾದಲ್ಲಿ ಅವಳು ಗೋಡೆಯ ಮೇಲಿನ ಫೋಟೋ ಆದಳು. ಹಾರ ಹಾಕಿದ, ತೀರಿಹೋದ ತಾಯಿಯ ಫೋಟೋ. ಅದಕ್ಕೆ ಅವಳು ಹೋಗುವುದೂ ಬೇಕಾಗಲಿಲ್ಲ, ಹಳೆಯ ಚಿತ್ರ ಕಳಿಸಿದ್ದೇ ಸಾಕಾಯಿತು. ಬದುಕಿದ್ದವಳ ಪಾಡು ಹಾಗಿತ್ತು.

ಆಮೇಲೆ ಫೋಟೋ ಕೇಳುವವರೂ ಇಲ್ಲವಾದರು. ಬಹಳ ವರ್ಷ ಯಾರೂ ಬರಲಿಲ್ಲ.

ಹಾಗಿರುವಾಗ ಒಬ್ಬ ಎಳೆಯ ನಿರ್ದೇಶಕ ಬಂದ. ಧಾರವಾಡ ಪೇಡೆಯ ಪೆಟ್ಟಿಗೆ ಕೈಗೆ ಕೊಟ್ಟು ಕಾಲಿಗೆ ಬಿದ್ದ. ನಗೆಚಿತ್ರ ಮಾಡುತ್ತಿದ್ದ. ಹೆಸರು ‘ಕೊಕ್ಕೊಕ್ಕೋ ಕನಕಮ್ಮ’. ಕನಕಮ್ಮ ಅಂದರೆ ಒಬ್ಬ ಸಾಹುಕಾರ್ತಿ ಅಜ್ಜಿ. ತಲೆಗೆ ಬಂಗಾರದ ಬಣ್ಣದ ಸುಳ್ಳುಕೂದಲಿನ ಟೋಪನ್, ಕಣ್ಣಿಗೆ ಕಪ್ಪು ಕನ್ನಡಕ, ಬುಲೆಟ್ ಗಾಡಿ ಸವಾರಿ. ಕಂಕುಳಲ್ಲಿ ಸದಾ ಒಂದು ಹುಂಜ. ಹುಂಜದ ಹೆಸರು ಚಿನ್ನಪ್ಪ, ಅದಕ್ಕೊಂದು ಮಖಮಲ್ಲಿನ ಕೋಟು. ಖಳನಾಯಕ ಆ ಹುಂಜವನ್ನು ಕದ್ದು ಬಿರಿಯಾನಿ ಮಾಡಿಸುತ್ತಾನೆ. ಕನಕಮ್ಮನ ಎದುರಿಗೇ ತಟ್ಟೆ ತಂದಿಡುತ್ತಾನೆ.

“ಅಲ್ಲಿ ನೀವು ಅಳಬೇಕು ಅಮ್ಮ,” ಅಂದ ನಿರ್ದೇಶಕ. “ಆ ಅಂಬಿಗರ ತಾಯಿ ಅತ್ತಳಲ್ಲ, ಅದನ್ನೇ ಹಂಗೇ ಕೊಡಿ. ಒಂಚೂರೂ ಬದಲಾಯಿಸಬೇಡಿ. ಕಾಮಿಡಿ ಮಾಡಕ್ಕಂತೂ ಹೋಗ್ಲೇಬೇಡಿ.”

ತನ್ನ ವಿದ್ಯೆಯ ಮೇಲೆ ಹುಡುಗನಿಗೆ ಇಷ್ಟು ಗೌರವವಿದೆಯಲ್ಲ ಅಂತ ಅವಳಿಗೆ ಎದೆ ತುಂಬಿ ಬಂತು. ಅಲ್ಲೇ ಅವಳು ಎಡವಿದ್ದು. ತಾನು ನಿಜವಾಗಿ ಅತ್ತಷ್ಟೂ ಜನ ಹೆಚ್ಚು ನಗುತ್ತಾರೆ ಅನ್ನುವ ಲೆಕ್ಕ ಅವಳ ತಲೆಗೆ ಹೊಳೆಯಲೇ ಇಲ್ಲ.

ಮನಸ್ಸಿಟ್ಟು ಮಾಡಿದಳು. ಮಖಮಲ್ಲಿನ ಪುಟ್ಟ ಕೋಟು ಎತ್ತಿ ಕೊಡವಿದಳು, ಹೆಗಲಿನ ಕಡೆ ಹಿಡಿದು ಅಳತೆ ನೋಡಿದಳು, ಮಡಚಿದಳು. ಬಿರಿಯಾನಿಯ ತಟ್ಟೆಯ ಮುಂದೆ ಕೂತು, ಮಗನಿಗೆ ಅತ್ತ ಹಾಗೆಯೇ ಅತ್ತಳು. ಸೆಟ್ಟಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ನಿರ್ದೇಶಕ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಓಡಿದ. ಪಾಪ, ದುಃಖ ತಡೆಯಲಾಗಲಿಲ್ಲ ಅಂದುಕೊಂಡಳು.

ಥೇಟರಿನಲ್ಲಿ ನೋಡಿದಾಗ ಗೊತ್ತಾಯಿತು. ಅವಳು ಕೋಟನ್ನು ಕೈಗೆತ್ತಿಕೊಂಡ ಕ್ಷಣದಿಂದ ಜನ ನಗಲು ಹಿಡಿದವರು ನಿಲ್ಲಿಸಲೇ ಇಲ್ಲ. ಶಿಳ್ಳೆ ಹಾಕಿದರು, ಕುರ್ಚಿ ಬಡಿದರು.

ಸಿನಿಮಾ ಭರ್ಜರಿ ಓಡಿತು. ವನಜಾಕ್ಷಿ ಮತ್ತೆ ಬಂದಳು ಅಂತ ಪತ್ರಿಕೆಯವರು ಬರೆದರು. ಅಂಗಡಿ ಉದ್ಘಾಟನೆಗೆ ಕರೆದರು. ಹೋದಲ್ಲೆಲ್ಲ ಕೈಗೆ ಒಂದು ಪುಟ್ಟ ಕೋಟು ಕೊಟ್ಟು, ಅಮ್ಮ, ಒಂದು ಸಲ ಅತ್ತು ತೋರಿಸಿ ಅಂತ ಕೇಳಿದರು. ಅತ್ತು ತೋರಿಸಿದಳು. ಎಷ್ಟೋ ವರ್ಷದ ಮೇಲೆ ಕರೆದಿದ್ದರು, ಇಲ್ಲ ಅನ್ನುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ನೀಲವ್ವ ಸತ್ತಳು.

ಅಂಗಳದಲ್ಲಿ ಹೆಣ ಮಲಗಿಸಿದ್ದರು. ಫಕೀರವ್ವ ಹತ್ತಿರ ಹೋಗಿ ಕೂತಳು. ಕೈ ತಾನಾಗಿಯೇ ತಂಗಿಯ ಸೆರಗಿಗೆ ಹೋಯಿತು, ಅದನ್ನು ನೇರ ಮಾಡಿತು, ಮಡಚಿತು. ಆಮೇಲೆ ಅಳು ಬಂತು. ಅದೇ ಅಳು, ಅದೇ ಏರಿಳಿತ. ಅವಳ ಹತ್ತಿರ ಇದ್ದದ್ದು ಅದೊಂದೇ.

ಹಿಂದಿನಿಂದ ಯಾರೋ ಮೂಗಿನಲ್ಲಿ ನಕ್ಕ ಸದ್ದು ಕೇಳಿಸಿತು. ಪಕ್ಕದ ಮನೆಯ ಸೊಸೆ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಾಲ್ಕಾರು ಫೋನು ಮೇಲೆದ್ದವು. ಗೇಟಿನ ಹತ್ತಿರ ನಿಂತವನೊಬ್ಬ ಮೆಲ್ಲಗೆ, “ಕೊಕ್ಕೊಕ್ಕೋ” ಅಂದ.

ಫಕೀರವ್ವ ಬಾಯಿ ಮುಚ್ಚಿದಳು. ಅಂದು ನಿಂತ ಅಳು ಮತ್ತೆ ಬಂದಿಲ್ಲ.

ಇಷ್ಟನ್ನು ಹೇಳಿದಳು. ಒಂದು ಮಾತನ್ನು ಮಾತ್ರ ನುಂಗಿಕೊಂಡಳು.

“ಅದಕ್ಕ ಬಂದೀನ್ರಿ,” ಅಂದಳು. “ಯಾರೂ ನೋಡಿರದ ಒಂದು ಅಳು ಕಲಸ್ರಿ. ಒಂದ ಸರ್ತಿ ನನ್ನ ತಂಗಿಗೆ ಅತ್ತು ಬಿಡ್ತೀನಿ. ಆಮ್ಯಾಲ ಸತ್ತರೂ ಅಡ್ಡಿಯಿಲ್ಲ.”

ಮಾಸ್ತರು ಮಡಿಲಿನ ಸಿಪ್ಪೆ ಕೊಡವಿದರು.

“ಮೊದಲಿನದು ಎಷ್ಟು ಕೆಟ್ಟೈತಿ ನೋಡೂಣು. ಅಳು.”

“ಇಲ್ಲೇನ್ರಿ?”

“ಇಲ್ಲೇ. ನಾನೊಬ್ಬ ಇದೀನಿ. ಕಣ್ಣು ಕಾಣೂದಿಲ್ಲ.”

ಶೇಂಗಾ ತುಂಬಿಟ್ಟಿದ್ದ ಒಂದು ಚೀಲ ಖಾಲಿ ಬಿದ್ದಿತ್ತು. ಫಕೀರವ್ವ ಅದನ್ನು ಎತ್ತಿ ಕೊಡವಿದಳು. ಎರಡು ಮೂಲೆ ಹಿಡಿದು ನೋಡಿದಳು. ಮಡಚಿದಳು. ಮಡಚಿದ್ದನ್ನು ಹಿಡಿದುಕೊಂಡು ನಿಂತಳು. ಗುರುವಿನ ಎದುರಿಗೆ ಆದ್ದರಿಂದಲೋ ಏನೋ, ಅಳು ಬಂತು. ಸಣ್ಣಗೆ ಶುರುವಾಗಿ, ಎದೆಯಿಂದ ಎದ್ದಿತು. ಬೇವಿನ ಮರದ ಮೇಲಿನ ಹಕ್ಕಿಗಳೂ ಸುಮ್ಮನಾದವು.

ಮಾಸ್ತರು ನಕ್ಕರು.

ಕಳ್ಳ ನಗುವಲ್ಲ. ಬೋಳು ಬಾಯಿ ತೆರೆದು, ಗಟ್ಟಿಯಾಗಿ.

ಫಕೀರವ್ವನ ಅಳು ಅಲ್ಲಿಗೇ ನಿಂತಿತು. ಚೀಲ ಕೆಳಗೆ ಹಾಕಿದಳು. ಸೆರಗನ್ನು ಮುಖಕ್ಕೆ ಎಳೆದುಕೊಂಡು, ಚಪ್ಪಲಿ ಹುಡುಕಿದಳು.

“ಹೊಂಟ್ಯಾ?”

“ನೀವೂ ನಕ್ಕ ಮ್ಯಾಲ ಇಲ್ಲೇನೈತ್ರಿ ನನಗ?”

“ಯಾರಾದ್ರೂ ನಕ್ಕರ ಹಿಂಗ ಎದ್ದು ಹೊಕ್ಕೀಯೇನು?”

ಅವಳು ಚಪ್ಪಲಿಗೆ ಕಾಲು ತೂರಿಸಿದಳು.

“ಗೊತ್ತಿಲ್ಲದ ಮಂದಿ ನಕ್ಕರ ನೀ ಇಷ್ಟು ದೂರ ಬರಾಕಿ ಅಲ್ಲ,” ಅಂದರು ಮಾಸ್ತರು. “ಮಂದಿ ಮುಂದ ಬೆಳದಾಕಿ ನೀನು. ಟೊಮ್ಯಾಟೊ ಒಗದಾಗ ಅಂಜಿಲ್ಲ. ಹೇಳು, ಮೊದಲ ನಕ್ಕವರು ಯಾರು?”

ಒಂದು ಚಪ್ಪಲಿ ಕಾಲಿಗೆ ಹಾಕಿಕೊಂಡಿದ್ದಳು. ಇನ್ನೊಂದು ಹಾಗೇ ಉಳಿಯಿತು. ಕಟ್ಟೆಯ ಅಂಚಿಗೆ ಕೂತಳು.

“ನೀಲಿ,” ಅಂದಳು.

ಮಾಸ್ತರು ಅವಳ ಕಡೆ ಕಿವಿ ತಿರುಗಿಸಿದರು.

“ಸಿನಿಮಾ ನೋಡಾಕ ನಾನ ಕರಕೊಂಡು ಹೋಗಿದ್ದೆ. ಅಲ್ಲೀತನಕ ನನ್ನ ಸಿನಿಮಾಕ್ಕ ಒಂದ ಸರ್ತೀನೂ ಬಂದಾಕಿ ಅಲ್ಲ. ನನ್ನ ಬಾಜೂಕ ಕುಂತಿದ್ಳು. ನಾ ಪರದೇ ಮ್ಯಾಲ ಕೋಟು ಮಡಚಾಕತ್ತೀನಿ, ಇನ್ನ ಬಾಯಿ ತೆರದಿಲ್ಲ, ಇಡೀ ಥೇಟರದಾಗ ಆಕೀನ ಮೊದಲು ನಕ್ಳು. ಆಕಿ ನಕ್ಕ ಮ್ಯಾಲ ಮಂದಿ ನಕ್ರು. ಹೊಟ್ಟಿ ಹಿಡಕೊಂಡು, ಕಣ್ಣಾಗ ನೀರು ಬರೂ ಹಂಗ. ನನ್ನ ತೋಳ ಹಿಡದು, ಯಕ್ಕಾ, ಸಾಕ ಮಾಡ, ಸಾಯ್ತೀನಿ ಅಂದ್ಳು.”

“ನೀ ಏನಂದಿ?”

“ಏನೂ ಅನ್ನಲಿಲ್ರಿ. ಮಾತ ಬಿಟ್ಟೆ.”

“ಆಕಿ?”

“ಆಕಿಗೆ ತಿಳೀಲಿಲ್ಲ. ಕೇಳೀದ್ಳು, ಯಾಕಕ್ಕಾ, ಏನಾತು ಅಂತ. ನಾ ಮುಖ ತಿರುವಿದೆ. ದಿನಾ ತಾಟು ಮುಂದ ತಂದಿಡೂದು, ಗ್ವಾಡಿಗೆ ಹೇಳಿದಂಗ ಹೇಳೂದು, ಸಾರಿಗೆ ಉಪ್ಪು ಕಡಿಮಿ ಆಗೈತೋ ಏನೋ ಅಂತ. ನಾ ಉಂಡು ಏಳೂದು. ಮಂದಿ ನಕ್ಕಿದ್ದು ನನಗ ಅಷ್ಟು ನೋವಾಗಲಿಲ್ರಿ. ಅವರಿಗೇನು ಗೊತ್ತು. ಆಕಿಗೆ ಗೊತ್ತಿತ್ತು ನಾ ಏನಿದ್ದೆ ಅಂತ. ಆಕಿ ನಕ್ಳಲ್ಲ.”

ಹೊಳೆಯ ಮೇಲಿನಿಂದ ಗಾಳಿ ಬಂತು. ಶೇಂಗಾದ ಸಿಪ್ಪೆ ಕಟ್ಟೆಯ ತುಂಬ ಹಾರಾಡಿತು.

“ಆಕಿ ಸತ್ತ ದಿನಾ,” ಅಂದಳು ಫಕೀರವ್ವ. ಅಷ್ಟಕ್ಕೇ ನಿಲ್ಲಿಸಿದಳು.

“ಆಕಿ ಸತ್ತ ದಿನಾ ಮುಂಜಾನೆ ಚಾ ತಂದಿಟ್ಳು. ಇಟ್ಟು ಅಡಿಗಿ ಮನಿಗೆ ಹೋದ್ಳು. ಒಳಗ ಏನೋ ಬಿದ್ದ ಸಪ್ಪಳಾತು. ಕೊಡ ಬಿದ್ದಂಗ. ಏನಾತ ನೀಲಿ ಅಂತ ಬಾಯಿಗೆ ಬಂದಿತ್ತು. ಕೇಳಲಿಲ್ರಿ. ಮಾತ ಬಿಟ್ಟಿದ್ದೆ ಅಲ್ಲ. ನಾ ಮೊದಲ ಮಾತಾಡಿದ್ರ ಸೋತಂಗ ಅನಿಸ್ತು. ಚಾ ಕುಡಕೋತ ಕುಂತೆ.”

“ಪೂರಾ ಕುಡದ್ಯಾ?”

“ಪೂರಾ ಕುಡದೆ, ಮಾಸ್ತರ.”

ಅದಕ್ಕಿಂತ ಹೆಚ್ಚು ಹೇಳಲು ಏನೂ ಇರಲಿಲ್ಲ. ಕಪ್ಪು ಇಡಲು ಒಳಗೆ ಹೋದಾಗಷ್ಟೇ ಅವಳು ತಂಗಿಯನ್ನು ನೋಡಿದ್ದು. ಆಗ ಹೆಸರು ಹಿಡಿದು ಕೂಗಿದಳು. ತಿಂಗಳುಗಳ ಮೇಲೆ ತಂಗಿಯ ಜೊತೆ ಆಡಿದ ಮೊದಲ ಮಾತು ಅದು. ಉತ್ತರ ಬರಲಿಲ್ಲ.

“ಆಕಿ ಯಾಕ ನಕ್ಳು?” ಅಂದರು ಮಾಸ್ತರು.

“ನನ್ನ ಬಾಳೇ ನಗಿಪಾಟಲ ಆಗಿತ್ತಲ್ರಿ. ಅದಕ್ಕ ನಕ್ಳು.”

“ಅಲ್ಲ.”

“ಮತ್ತ?”

“ಅಂಬಿಗರ ನಾಟಕದಾಗ ಮಗನ ಹೆಣ ಯಾರಾಗಿದ್ರು?”

ಫಕೀರವ್ವ ತಲೆ ಎತ್ತಿದಳು. ಅಷ್ಟು ಊರು, ಅಷ್ಟು ಆಟ. ತಾಯಿಯ ಪಾರ್ಟು ನೆನಪಿತ್ತು, ಚಪ್ಪಾಳೆ ನೆನಪಿತ್ತು. ಹೆಣದ ಕಡೆ ಅವಳ ಗಮನ ಹೋಗಿರಲೇ ಇಲ್ಲ.

“ನೀಲಿ,” ಅಂದಳು.

“ತೆಳ್ಳನ ಬಿಳಿ ಅರಿವಿ ಹೊಚ್ಚಿ ಮಲಗಿಸ್ತಿದ್ದೆ,” ಅಂದರು ಮಾಸ್ತರು. “ಹೆಣಕ್ಕ ಒಳಗಿಂದ ಎಲ್ಲಾ ಕಾಣತಿತ್ತು. ನೀ ಮ್ಯಾಲ ಬಾಗಿ ಅಳಾಕಿ. ಅಳುವಾಗ ನಿನ್ನ ಮೂಗು ಮಲಾ ತಿನ್ನೂ ಹಂಗ ಅಳಗ್ಯಾಡತಿತ್ತು. ಈಗ ಹ್ಯಾಂಗೈತೋ ಗೊತ್ತಿಲ್ಲ.”

“ಮಲಾ?”

“ಮೊಲಾ, ಮೊಲಾ. ಹುಲ್ಲು ತಿನ್ನೂ ಮೊಲಾ. ಹಲ್ಲಿಲ್ಲ ನನಗ, ತಿಳಕೋ. ನಾನಲ್ಲ ಹೇಳಿದ್ದು, ಹೆಣ ಹೇಳಿದ್ದು. ಆಟ ನಡದಾಗ ಹೆಣದ ಹೊಟ್ಟಿ ಅಳಗ್ಯಾಡತಿತ್ತು. ಮುಂದ ಕುಂತವರಿಗೆ ಕಾಣತಿತ್ತು. ಒಬ್ಬ ಎದ್ದು ನಿಂತು, ಏ, ಹೆಣ ಇನ್ನ ಜೀವಂತ ಐತ್ರೋ ಅಂತ ಒದರಿದ. ಪರದೆ ಬಿದ್ದ ಮ್ಯಾಲ ಬೆತ್ತ ತಗೊಂಡು ಕೇಳಿದೆ, ಯಾಕಲೇ ನಗ್ತಿ? ಯಕ್ಕನ ಮೂಗು ನೋಡಿದ್ರ ತಡಿಯಾಕಾಗೂದಿಲ್ರಿ ಮಾಸ್ತರ, ಮೊಲದಂಗ ಮಾಡತೈತಿ ಅಂದ್ಳು. ಹೊಡದೆ.”

ಫಕೀರವ್ವ ಕೈಯಿಂದ ತನ್ನ ಮೂಗು ಮುಟ್ಟಿ ನೋಡಿಕೊಂಡಳು. ತನಗೇ ಅದು ತಿಳಿಯಲಿಲ್ಲ.

“ಮರುದಿನಾನೂ ನಕ್ಳು. ಮತ್ತ ಹೊಡದೆ,” ಅಂದರು ಮಾಸ್ತರು. “ಆಮ್ಯಾಲ ಅರಿವೀ ತುದಿ ಬಾಯಾಗ ಹಾಕ್ಕೊಂಡು ಕಡದು ಹಿಡಿಯಾಕ ಕಲತ್ಳು. ಮಂದಿ ವನ್ಸ್ ಮೋರ್ ಅಂತಿದ್ರು. ನೀ ಮತ್ತ ಮೊದಲಿಂದ ಅಳಾಕಿ. ಆಕಿ ಮತ್ತ ಕಡದು ಹಿಡಿಯಾಕಿ. ಆಟ ಮುಗದ ಮ್ಯಾಲ ನಿನ್ನ ಸುತ್ತ ಮಂದಿ ಮುತ್ತತಿದ್ರು. ಹೆಣದ ದವಡಿ ನೋಯತಿತ್ತು, ಅದನ್ನ ಯಾರ ಕೇಳ್ತಾರ.”

“ನನಗ ಒಂದ ದಿನಾ ಹೇಳಲಿಲ್ರಿ ಆಕಿ.”

“ಹೇಳಿದ್ರ ನಿನ್ನ ಅಳು ಕೆಡತೈತಿ ಅಂತ ನಾ ಬಾಯಿ ಮುಚ್ಚಿಸಿದ್ದೆ. ಮುಚ್ಚಿದಾಕಿ ಹಂಗ ಇದ್ಳು. ಆ ಥೇಟರದಾಗ ಮೊದಲನೇ ಸರ್ತಿ ಆಕಿ ಹೆಣ ಆಗಿರಲಿಲ್ಲ. ಕುರ್ಚೀ ಮ್ಯಾಲ ಕುಂತಿದ್ಳು, ನಾ ಬೆತ್ತ ಹಿಡಕೊಂಡು ಅಲ್ಲಿರಲಿಲ್ಲ. ಮೊಲಾ ಎಷ್ಟು ದೊಡ್ಡದು ಕಂಡಿರಬೇಕು ಆ ಪರದೇ ಮ್ಯಾಲ. ನಕ್ಳು.”

ಫಕೀರವ್ವನಿಗೆ ಥೇಟರಿನ ಕತ್ತಲೆ ನೆನಪಾಯಿತು. ತೋಳು ಹಿಡಿದಿದ್ದ ಆ ಕೈ ನೆನಪಾಯಿತು. ಜನ ಅವಳನ್ನು ನೋಡಿ ನಗುತ್ತಿದ್ದರು. ಆ ಕೈ ಹಾಗೆ ನಗುತ್ತಿರಲಿಲ್ಲ. ನಗುವಾಗಲೂ ಅವಳನ್ನು ಬಿಟ್ಟಿರಲಿಲ್ಲ. ಇವಳೇ ಬಿಡಿಸಿಕೊಂಡಿದ್ದಳು.

“ಆಮ್ಯಾಲಾದ್ರೂ ಯಾಕ ಹೇಳಲಿಲ್ರಿ? ನಾ ಮುನಿಸಿಕೊಂಡೀನಿ ಅಂತ ಗೊತ್ತಿತ್ತಲ್ಲ. ಇದಕ್ಕ ನಕ್ಕೆ ಯಕ್ಕಾ ಅಂದಿದ್ರ ಸಾಕಿತ್ತಲ್ಲ.”

“ನೀ ಮಾತಾಡಿಸಿದ್ರ ಹೇಳತಿದ್ಳು.”

ಮಾಸ್ತರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕರುಣೆಯೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಫಕೀರವ್ವನಿಗೆ ಬೆತ್ತದ ಪೆಟ್ಟೇ ವಾಸಿ ಅನ್ನಿಸಿತು.

“ಇದು ಗೊತ್ತಿಲ್ಲದಿದ್ರ ಚಲೋ ಇತ್ತು, ಮಾಸ್ತರ.”

“ಹೌದು.”

“ತಪ್ಪಾತು ಅನ್ನಾಕ ಆಕಿ ಇಲ್ಲ.”

“ಇಲ್ಲ.”

“ಇನ್ನ ಮ್ಯಾಲ ಮಂದಿ ನನ್ನ ನೋಡಿ ಅಳೂದೂ ಇಲ್ಲ. ನಾ ಸತ್ತಾಗನೂ ಕೊಕ್ಕೊಕ್ಕೋ ಅಂತಾರ.”

“ಅಂತಾರ.”

“ಏನರ ಒಂದು ಸಮಾಧಾನ ಹೇಳ್ರಿ.”

“ನನ್ನ ಕಡೆ ಇಲ್ಲವಾ. ಇದ್ದಿದ್ರ ಬಂದ ಕೂಡಲೇ ಕೊಟ್ಟು ಕಳಸತಿದ್ದೆ.”

ಹೊತ್ತು ಇಳಿಯುತ್ತಿತ್ತು. ಕಾರಿನ ಚಾಲಕ ಒಂದು ಸಲ ಹಾರ್ನು ಹಾಕಿದ. ಅವಳು ಕೇಳಿಸಿಕೊಳ್ಳಲಿಲ್ಲ. ಈ ಹೆಂಗಸು ಇನ್ನೆಲ್ಲಿಗೆ ಹೋಗಬೇಕು? ಬೆಂಗಳೂರಿನ ಮನೆಯಲ್ಲಿ ತಾಟು ಮುಂದಿಡುವವರು ಇರಲಿಲ್ಲ. ಗೋಡೆಗೆ ಮಾತು ಹೇಳುವವರೂ ಇರಲಿಲ್ಲ.

“ಹಂಗಾದ್ರ ಬ್ಯಾರೆ ಅಳು ಕಲಸೂದಿಲ್ರೀ?” ಅಂದಳು.

“ನನಗ ಬರೂದೂ ಅದೊಂದ.”

ಮಾಸ್ತರು ಶೇಂಗಾ ಕಾಳುಗಳನ್ನು ಒಂದು ಕಡೆ ಸರಿಸಿದರು. ಸಿಪ್ಪೆಯನ್ನು ಕೈಯಿಂದಲೇ ಗುಡಿಸಿ ಕೆಳಗೆ ಹಾಕಿದರು. ಜಾಗ ಆದ ಮೇಲೆ ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿದರು. ಎರಡೂ ಕೈ ಪಕ್ಕಕ್ಕೆ ಚಾಚಿಕೊಂಡರು.

“ಏನ್ರಿ ಮಾಸ್ತರ? ಸೊಂಟ ನೋಯಾಕತ್ತೇತೇನ್ರಿ?”

“ನನ್ನ ವಲ್ಲಿ ಮುಖದ ಮ್ಯಾಲ ಎಳಿ.”

ವಲ್ಲಿ ಅಂದರೆ ಅವರ ಹೆಗಲ ಮೇಲಿನ ಬಿಳಿ ಬಟ್ಟೆ. ತೊಳೆದು ತೊಳೆದು ತೆಳ್ಳಗಾಗಿತ್ತು.

“ಬ್ಯಾಡ್ರಿ. ಬದುಕಿದ್ದವರಿಗೆ ಹಂಗ ಮಾಡಬಾರದು.”

“ಬದುಕಿದ್ದವರಿಗೇ ಊರೂರ ಮಾಡೀಯಲ್ಲ. ಎಳಿ.”

ಎಳೆದಳು. ಬಟ್ಟೆಯ ಕೆಳಗೆ ಮುದುಕ ಇಷ್ಟೇ ಇಷ್ಟು ಕಂಡರು. ಬಟ್ಟೆ ಬಾಯಿಯ ಹತ್ತಿರ ಒಂದಿಷ್ಟು ಮೇಲೇಳುತ್ತಿತ್ತು, ಒಂದಿಷ್ಟು ಕೆಳಗಿಳಿಯುತ್ತಿತ್ತು.

ಬೇವಿನ ಮರದ ಮೊಳೆಗೆ ಅವರ ಅಂಗಿ ತೂಗುಹಾಕಿತ್ತು. ಫಕೀರವ್ವ ಎದ್ದು ಅದನ್ನು ತೆಗೆದುಕೊಂಡಳು. ತೆಗೆದುಕೊಳ್ಳಬೇಕು ಅಂತ ಅವಳಿಗೆ ಅನ್ನಿಸಿರಲಿಲ್ಲ, ಕೈ ತೆಗೆದುಕೊಂಡಿತು. ಕೊಡವಿದಳು. ಹೆಗಲಿನ ಕಡೆ ಹಿಡಿದು ಅಳತೆ ನೋಡಿದಳು. ಬೆಳಕು ಅಂಗಿಯ ಒಳಗಿಂದ ಬಂತು, ತುಂಬ ಹಳೆಯ ಅಂಗಿ. ಮಡಚಿದಳು. ಹಿಡಿದುಕೊಂಡು ಕೂತಳು.

ಅಳು ಶುರುವಾಯಿತು. ಅದೇ ಅಳು. ಎಲ್ಲಿ ಏರುತ್ತದೆ, ಎಲ್ಲಿ ಒಡೆಯುತ್ತದೆ, ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಎಲ್ಲವೂ ಅವಳಿಗೆ ಗೊತ್ತಿತ್ತು. ತನ್ನ ಮೇಲೆಯೇ ಹೇಸಿಗೆ ಬಂತು. ತಂಗಿಗೆ ಕೊಡಲು ಇದೊಂದೇ ಇದೆಯೆ, ಹುಂಜಕ್ಕೆ ಕೊಟ್ಟದ್ದು, ಅಂಗಡಿಯ ಬಾಗಿಲಲ್ಲಿ ಕೊಟ್ಟದ್ದು?

ಆಗ ಮೂಗು ಅಲುಗಿದ್ದು ಗೊತ್ತಾಯಿತು.

ಇಷ್ಟು ವರ್ಷ ಅತ್ತರೂ ಗೊತ್ತಾಗಿರಲಿಲ್ಲ. ಈಗ ನಿಲ್ಲಿಸಲು ನೋಡಿದರೆ ಇನ್ನೂ ಹೆಚ್ಚು ಅಲುಗಿತು. ಆ ತೆಳ್ಳನೆಯ ಬಟ್ಟೆಯ ಒಳಗಿಂದ ನೀಲಿ ಇದನ್ನೇ ನೋಡುತ್ತಿದ್ದಳು. ಹಲ್ಲು ಕಚ್ಚಿಕೊಂಡು, ನಾಳೆಯ ಪೆಟ್ಟಿಗೆ ಹೆದರಿಕೊಂಡು, ಪ್ರತಿ ಊರಿನಲ್ಲಿ.

ಅಳು ದಾರಿ ತಪ್ಪಿತು. ಏರಬೇಕಾದಲ್ಲಿ ಏರಲಿಲ್ಲ. ಗಂಟಲಲ್ಲಿ ಏನೋ ಗೊರಗೊರ ಅಂದಿತು, ಮೂಗು ಸೋರಿತು, ಬಾಯಿ ವಾರೆಯಾಗಿ ತೆರೆದುಕೊಂಡು ಮುಚ್ಚಲಾರದೆ ಹೋಯಿತು. ಯಾವ ಕಂಪನಿಯವರೂ ಕಾಸು ಕೊಟ್ಟು ನೋಡದಂಥ ಅಳು. ಅಂಗಿ ಮಡಿಲಿನಿಂದ ಜಾರಿ ಬಿತ್ತು, ಅದನ್ನು ಎತ್ತಿಕೊಳ್ಳಲಿಲ್ಲ.

ಅಷ್ಟರಲ್ಲಿ ಬಟ್ಟೆಯ ಕೆಳಗೆ ಮಾಸ್ತರ ಹೊಟ್ಟೆ ಅಲುಗಾಡಿತು. ಒಂದು ಸಲ, ಮತ್ತೊಂದು ಸಲ. ಆಮೇಲೆ ಎದೆ, ಹೆಗಲು, ಇಡೀ ಮೈ.

ನಗುತ್ತಿದ್ದಾರೋ, ಅಳುತ್ತಿದ್ದಾರೋ, ಜೀವವೇ ಹೋಗುತ್ತಿದೆಯೋ, ಫಕೀರವ್ವನಿಗೆ ತಿಳಿಯಲಿಲ್ಲ. ಭಯವಾಗಿ ಅಳು ನಿಲ್ಲಿಸಿದಳು. ಬಟ್ಟೆ ಸರಿಸಲು ಕೈ ಚಾಚಿದಳು.

ಒಳಗಿಂದ ಮಾತು ಬಂತು.

“ಹೆಣ ನಕ್ಕರ ನಗಲಿ, ಫಕೀರವ್ವಾ. ನೀ ಅಳು.”